ಕಾರ್ಬಿನಾಲ್ ಅಂದ್ರೆ ಏನು, ಭಾವ?

ನಮ್ಮ ಮನೆಯ ಉಪ್ಪಿನ ಡಬ್ಬದ ಮೇಲೆ ‘ಉಪ್ಪು’ ಎಂದು ಮೂರು ಕಡೆ ಬರೆದಿದೆ. ಮುಚ್ಚಳದ ಮೇಲೊಂದು, ಹೊಟ್ಟೆಯ ಮೇಲೊಂದು, ತಳದಲ್ಲೊಂದು. ತಳದಲ್ಲಿ ಯಾಕಪ್ಪಾ ಎಂದು ಕೇಳಿದರೆ ನಮ್ಮಣ್ಣ, "ಮುಚ್ಚಳ ಅದಲು ಬದಲಾಗಬಹುದು, ಹೊಟ್ಟೆ ಮೇಲಿಂದು ಒದ್ದೆಯಾಗಿ ಕಿತ್ತು ಬರಬಹುದು. ತಳ ಎಲ್ಲಿಗೆ ಹೋಗುತ್ತೆ?" ಎನ್ನುತ್ತಾನೆ. ಸಕ್ಕರೆಗೂ ಹೀಗೆಯೇ, ಸೋಪಿನ ಪುಡಿಗೂ ಹೀಗೆಯೇ. ನೀರಿನ ಬಾಟಲಿಯ ಮೇಲೆ ‘ನೀರು. ಕುಡಿಯಬಹುದು’ ಎಂಬ ಚೀಟಿ. ಒಮ್ಮೆ ನಾನು ರೇಗಿ, "ನನ್ನ ಹಣೆ ಮೇಲೂ ಒಂದು ಅಂಟಿಸಿಬಿಡು, ‘ತಂಗಿ. ಕಚ್ಚಬಹುದು’ ಅಂತ" ಎಂದಿದ್ದೆ. ಅವನು ನಗಲಿಲ್ಲ. ಚೀಟಿಯ ವಿಷಯದಲ್ಲಿ ಅವನು ಯಾವತ್ತೂ ನಗುವುದಿಲ್ಲ.

ಅಣ್ಣ ಒಂದು ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಸ್ಟೋರ್ ಕೀಪರ್ ಆಗಿದ್ದವನು. ಮೂವತ್ತಾರು ವರ್ಷ ಒಂದೇ ಕೋಣೆ, ಒಂದೇ ಮರದ ಕುರ್ಚಿ, ಸಾಮಾನು ಕೊಡಲು ಗೋಡೆಯಲ್ಲಿ ಒಂದೇ ಕಿಂಡಿ. ಅಲ್ಲಿ ಓದಿ ಹೋದವರಿಗೆಲ್ಲ ಅವನು ಚೀಟಿ ಮಾಮ. ಆಸಿಡ್ ಬಾಟಲಿಯಿಂದ ಹಿಡಿದು ಪೊರಕೆಯವರೆಗೆ ಎಲ್ಲದಕ್ಕೂ ದುಂಡಗಿನ ಅಕ್ಷರದಲ್ಲಿ ಚೀಟಿ ಬರೆದು, ಒದ್ದೆಯಾಗದಂತೆ ಮೇಲೆ ಮೇಣ ಸವರುತ್ತಿದ್ದ. "ಪೊರಕೆಗೆ ಯಾಕೆ ಮಾಮ?" ಎಂದು ಯಾರಾದರೂ ಗೇಲಿ ಮಾಡಿದರೆ, "ನಿಮ್ಮ ಮನೇಲಿ ನೀನು ಅದನ್ನ ಮುಟ್ಟಿ ನೋಡಿರಲ್ಲ, ಗುರುತು ಸಿಗಲಿ ಅಂತ" ಎಂದು ಬಾಯಿ ಮುಚ್ಚಿಸುತ್ತಿದ್ದ. ಎಂಥ ಅಚ್ಚುಕಟ್ಟು ಎಂದು ಜನ ಹೊಗಳಿದರು. ನಾನೂ ಹೊಗಳಿದೆ. ಅದು ಅಚ್ಚುಕಟ್ಟಲ್ಲ, ಭಯ ಎಂದು ತಿಳಿಯಲು ನನಗೆ ಇಪ್ಪತ್ಮೂರು ವರ್ಷ ಬೇಕಾಯಿತು.

ಸುತ್ತಿ ಬಳಸಿ ಹೇಳುವುದು ನನಗೆ ಬಾರದು, ನೇರವಾಗಿಯೇ ಹೇಳುತ್ತೇನೆ. ನನ್ನ ಗಂಡ ಆ ಸ್ಟೋರಿನಿಂದ ಸ್ಪಿರಿಟ್ ಕದ್ದು ಕುಡಿದು ಸತ್ತರು ಎಂದು ಎಲ್ಲರೂ ನಂಬಿದ್ದರು. ಕಾಲೇಜಿನ ಕಾಗದದಲ್ಲೂ ಹಾಗೆಯೇ ಇದೆ. ನಾನೂ ನಂಬಿದೆ, ನನ್ನ ಮಗಳಿಗೂ ಅದನ್ನೇ ಹೇಳಿ ಬೆಳೆಸಿದೆ. ಅದು ಹಾಗಲ್ಲ ಎಂದು ಹೇಳಬಲ್ಲ ಮನುಷ್ಯ ಒಬ್ಬನೇ ಒಬ್ಬನಿದ್ದ. ಅವನು ನಮ್ಮ ಮನೆಯಲ್ಲೇ ಇದ್ದ. ನಾನು ಬಡಿಸಿದ್ದನ್ನು ಉಣ್ಣುತ್ತ, ಉಪ್ಪಿನ ಡಬ್ಬಕ್ಕೆ ಚೀಟಿ ಅಂಟಿಸುತ್ತ ಇದ್ದ.

ನಮ್ಮ ಮನೆಯವರದು ಮರಕ್ಕೆ ಪಾಲಿಷ್ ಹಾಕುವ ಕೆಲಸ. ಅರಗಿನ ಚೂರುಗಳನ್ನು ಸ್ಪಿರಿಟ್‌ನಲ್ಲಿ ನೆನೆಹಾಕಿ ಕರಗಿಸುವುದು, ಹತ್ತಿಯನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಉಂಡೆ ಮಾಡುವುದು, ಅದನ್ನು ಅದ್ದಿ ಅದ್ದಿ ಮರದ ಮೇಲೆ ಸುತ್ತು ಸುತ್ತಾಗಿ ತಿಕ್ಕುವುದು. ಒಂದು ಮೇಜಿಗೆ ಮೂರು ದಿನ. ತಿಕ್ಕಿ ತಿಕ್ಕಿ ಅವರ ಉಗುರುಗಳೆಲ್ಲ ಜೇನಿನ ಬಣ್ಣಕ್ಕೆ ತಿರುಗಿದ್ದವು. ಮದುವೆಯಾದ ಹೊಸತರಲ್ಲಿ ನಾನು ಆ ಉಗುರುಗಳನ್ನು ಸೋಪು ಹಾಕಿ ಉಜ್ಜಿ ಸೋತಿದ್ದೆ. ಅವರು ಕುಡಿಯುತ್ತಲೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ತಿಂಗಳಿಗೆ ಒಂದೆರಡು ಸಲ, ಬೆನ್ನು ಹಿಡಿದುಕೊಂಡ ದಿನ, ಒಂದು ಲೋಟ. ಆಮೇಲೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಇಲ್ಲದ ಕತೆ ಹೇಳುವುದು, ನಾನು ಬೈಯುವುದು, ಅವರು ನಗುವುದು.

ಕಾಲೇಜಿನ ಪ್ರಯೋಗಾಲಯದ ಮೇಜುಗಳಿಗೆ ಪಾಲಿಷ್ ಹಾಕುವ ಕೆಲಸವನ್ನು ಕೊಡಿಸಿದವನು ಅಣ್ಣನೇ. ಇಬ್ಬರಿಗೂ ಭಾರಿ ಸ್ನೇಹ, ಬಾಯಿ ತೆರೆದರೆ ಛೇಡಿಸುವುದೇ. ಇವರು ಸ್ಟೋರಿನ ಕಿಂಡಿಯ ಹಲಗೆಯನ್ನು ಎರಡು ಉಗುರಿನಿಂದ ಟಕ್ ಟಕ್ ಎಂದು ಬಡಿಯುತ್ತಿದ್ದರು. ಅಣ್ಣ ತಲೆ ಎತ್ತದೆಯೇ, "ಬಂದ್ರಪ್ಪಾ ಪಾಲಿಷ್ ಸಾಹೇಬ್ರು! ನಿನ್ನೆ ಕೊಟ್ಟಿದ್ದು ಮರ ಕುಡೀತೋ, ತಾವು ಕುಡಿದ್ರೋ?" ಎನ್ನುತ್ತಿದ್ದ. "ಮರ ಕುಡಿದು ಉಳಿದಿದ್ದನ್ನ ಭಾವನಿಗೇ ತಂದು ಕೊಡೋಣ ಅಂತಿದ್ದೆ" ಎಂದು ಇವರು. ದಿನಾ ಹನ್ನೊಂದು ಗಂಟೆಗೆ ಈ ನಾಟಕ ಇದ್ದೇ ಇತ್ತು.

ಅಣ್ಣ ಓದಿದ್ದು ಅಷ್ಟಕ್ಕಷ್ಟೆ. ಬಾಟಲಿ ತೊಳೆಯುವ ಕೆಲಸಕ್ಕೆ ಸೇರಿ, ಕೇಳಿ ಕೇಳಿ ಕಲಿತು ಸ್ಟೋರ್ ಕೀಪರ್ ಆದವನು. ವಿಭಾಗದ ಹಳೆಯ ಮುಖ್ಯಸ್ಥರು ಅವನಿಗೆ ಮೊದಲ ದಿನವೇ ಒಂದು ಪಾಠ ಹೇಳಿದ್ದರಂತೆ. "ನೋಡಪ್ಪಾ, ಆಲ್ಕೋಹಾಲ್ ಅನ್ನೋದು ಒಬ್ಬನ ಹೆಸರಲ್ಲ, ಒಂದು ಮನೆತನದ ಹೆಸರು. ಈಥೈಲ್ ಆಲ್ಕೋಹಾಲ್ ಅಂದ್ರೆ ಜನ ಕುಡಿಯೋದು. ಮೀಥೈಲ್ ಆಲ್ಕೋಹಾಲ್ ಅಂದ್ರೆ ವಿಷ. ನೋಡೋಕೆ ಎರಡೂ ನೀರೇ. ಮೀಥೈಲ್ ಅಂತ ಬರೆದಿದ್ದರೆ ಹುಷಾರು." ಅಣ್ಣ ಅದನ್ನು ಬಾಯಿಪಾಠ ಮಾಡಿಕೊಂಡ. ಗೋಡೆಗೆ ಹಳೆಯ ಹೆಸರು ಹೊಸ ಹೆಸರುಗಳ ಒಂದು ಪಟ್ಟಿ ತೂಗುಹಾಕಿತ್ತು, ಅದನ್ನೂ ಬಾಯಿಪಾಠ ಮಾಡಿದ. ಮನೆಗೆ ಬಂದಾಗ ನಮ್ಮ ಮುಂದೆ ಒಪ್ಪಿಸುತ್ತಿದ್ದ. ನಾವು ಬೆರಗಾಗಿ ಕೇಳುತ್ತಿದ್ದೆವು. ನಮ್ಮ ಮನೆಯಲ್ಲಿ ಅಷ್ಟು ಉದ್ದದ ಹೆಸರುಗಳನ್ನು ಹೇಳಬಲ್ಲವರು ಬೇರೆ ಯಾರಿದ್ದರು?

ಆ ವರ್ಷ ಪ್ರಯೋಗಾಲಯದಲ್ಲಿ ಹನ್ನೆರಡು ಮೇಜು. ಹನ್ನೊಂದಕ್ಕೆ ಪಾಲಿಷ್ ಆಗಿತ್ತು. ಹನ್ನೆರಡನೆಯದರ ಅರ್ಧ ಮುಗಿಸಿ ನಮ್ಮ ಮನೆಯವರು ಒಂದು ಸಂಜೆ ಮನೆಗೆ ಬಂದರು. ಬಾಯಲ್ಲಿ ವಾಸನೆ. ಬೆನ್ನು ನೋವು ಎಂದರು, ಉಂಡು ಮಲಗಿದರು. ಬೆಳಿಗ್ಗೆ ಏಳಲಿಲ್ಲ. ತಲೆ ಸಿಡಿಯುತ್ತಿದೆ ಎಂದರು, ಎರಡು ಸಲ ವಾಂತಿ ಮಾಡಿದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಸಕ್ಕರೆ ಹಾಕದ ಕಾಫಿಯನ್ನು ಲೋಟ ಕುಕ್ಕಿ ಮುಂದಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಅವರು ಮಂಚದ ಮೇಲೆ ಎದ್ದು ಕೂತು, "ಎಲ್ಲಾ ಬೆಳ್ಳಗೆ ಕಾಣ್ತಿದೆ ಕಣೇ. ಮುಖದ ಮೇಲೆ ಬಟ್ಟೆ ಹೊದಿಸಿದ ಹಾಗೆ. ನೀನು ಎಲ್ಲಿದ್ದೀಯ?" ಎಂದರು.

ನಾನು ಅವರ ಎದುರಿಗೇ ನಿಂತಿದ್ದೆ.

"ಕುಡಿದದ್ದು ಇಳೀಲಿ, ಕಾಣುತ್ತೆ" ಎಂದೆ. ಇದು ನನ್ನ ಬಾಯಿಂದ ಬಂದ ಮಾತು, ಇದನ್ನು ನಾನು ಮುಚ್ಚಿಡುವುದಿಲ್ಲ. "ಎಲ್ಲಿಂದ ತಂದ್ರಿ ಅದನ್ನ? ಅಣ್ಣನ ಸ್ಟೋರಿಂದ ಕದ್ರಾ?"

"ಕದ್ದಿಲ್ಲ ಕಣೇ. ಕೇಳೇ ತಗೊಂಡೆ. ಏನಾಗಲ್ಲ ಅಂ..." ಎನ್ನುವಷ್ಟರಲ್ಲಿ ಮತ್ತೆ ವಾಂತಿಯಾಯಿತು. ಆ ಮಾತು ಅಲ್ಲಿಗೇ ನಿಂತಿತು. ಏನಾಗಲ್ಲ, ಹೆದರಬೇಡ ಎಂದು ನನಗೆ ಸಮಾಧಾನ ಹೇಳುತ್ತಿದ್ದಾರೆ ಎಂದುಕೊಂಡೆ. ಸಮಾಧಾನ ಯಾರಿಗೆ ಬೇಕಾಗಿತ್ತು! ಸುಳ್ಳು ಬೇರೆ ಹೇಳ್ತೀರಾ ಎಂದು ಇನ್ನೂ ಎರಡು ಮಾತು ಸೇರಿಸಿಯೇ ಬೈದೆ. ಬಾಗಿಲ ಹತ್ತಿರ ಮಗಳು ನಿಂತಿದ್ದಳು, ಎಂಟು ವರ್ಷದವಳು. ಒಳಗೆ ಹೋಗೆ ಎಂದು ಅವಳ ಮೇಲೂ ಹರಿಹಾಯ್ದೆ.

ಅವರು ಎದ್ದು ನಡೆಯಲು ಹೋಗಿ ಗೋಡೆಗೆ ಮುಖ ಗುದ್ದಿಕೊಂಡರು. ಪಕ್ಕದ ಮನೆಯವರನ್ನು ಕೂಗಿ ಆಸ್ಪತ್ರೆಗೆ ಹಾಕಿದೆವು. ಡಾಕ್ಟರು ಏನು ಕುಡಿದ್ರಿ ಎಂದು ಕೇಳಿದರು. "ಆಲ್ಕೋಹಾಲ್" ಎಂದರು ಇವರು, ತಮ್ಮ ಜೀವಮಾನದಲ್ಲಿ ಎಂದೂ ಆಡದ ಮಾತು. ಸಾರಾಯಿ ಎನ್ನಲಿಲ್ಲ, ಬ್ರಾಂದಿ ಎನ್ನಲಿಲ್ಲ, ಸ್ಪಿರಿಟ್ ಎಂದೂ ಅನ್ನಲಿಲ್ಲ. ಡಾಕ್ಟರು, "ಅದು ಗೊತ್ತು ಬಿಡಿ" ಎಂದು ಗ್ಲೂಕೋಸ್ ಏರಿಸಿ ಬೇರೆ ರೋಗಿಯ ಕಡೆ ಹೋದರು. ಅಣ್ಣ ಬಂದದ್ದು ಮೂರು ಗಂಟೆ ತಡವಾಗಿ. ಸುದ್ದಿ ತಿಳಿದು, ಸ್ಟೋರಿನಲ್ಲಿದ್ದ ಒಂದು ಡಬ್ಬದ ಮೇಲಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದ. ಡಾಕ್ಟರು ಅದನ್ನು ಓದಿದವರೇ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. "ಕಾರ್ಬಿನಾಲಾ? ಇದು ಮೀಥೈಲ್ ಆಲ್ಕೋಹಾಲ್ ಕಣ್ರೀ! ಮೊದಲೇ ಹೇಳಬಾರದಾ?"

"ಮೀಥೈಲ್ ಅಂತ ಬರೆದೇ ಇರಲಿಲ್ಲವಲ್ಲ ಸಾರ್" ಎಂದ ಅಣ್ಣ. ಎರಡೆರಡು ಸಲ ಅದನ್ನೇ ಹೇಳಿದ. ಗಾಬರಿಯಲ್ಲಿ ಏನೋ ಬಡಬಡಿಸುತ್ತಿದ್ದಾನೆ ಎಂದುಕೊಂಡೆ ನಾನು. ಆಮೇಲೆ ಓಡಾಟ, ಸೂಜಿ, ಟ್ಯೂಬು ಎಲ್ಲವೂ ಆಯಿತು. ಮೂರನೆಯ ದಿನ ಬೆಳಿಗ್ಗೆ ನಮ್ಮ ಮನೆಯವರು ಹೋದರು. ಕೊನೆಯವರೆಗೂ ಅವರ ಕಣ್ಣು ತೆರೆದೇ ಇತ್ತು, ಕಾಣುತ್ತಿರಲಿಲ್ಲ ಅಷ್ಟೆ.

ಕಾಲೇಜಿನಲ್ಲಿ ವಿಚಾರಣೆ ನಡೆಯಿತು. ಸ್ಟೋರ್ ಕೀಪರ್ ಊಟಕ್ಕೆ ಹೋಗಿದ್ದ ಸಮಯದಲ್ಲಿ ಪಾಲಿಷ್ ಕೆಲಸದವನು ಅನುಮತಿಯಿಲ್ಲದೆ ಒಳಹೊಕ್ಕು ತೆಗೆದುಕೊಂಡಿರುತ್ತಾನೆ ಎಂದು ಕಾಗದವಾಯಿತು. ಅಣ್ಣ ಅದಕ್ಕೆ ಸಹಿ ಹಾಕಿದ. ಅದನ್ನು ನನಗೆ ಓದಿ ಹೇಳಿದವನೂ ಅವನೇ, ತಲೆ ತಗ್ಗಿಸಿಕೊಂಡು. ನಾನು ಅವನನ್ನೇ ಸಮಾಧಾನ ಮಾಡಿದೆ, ನೋಡಿ ನನ್ನ ಬುದ್ಧಿಯನ್ನು! "ನೀನೇನು ಮಾಡ್ತೀಯ ಬಿಡಣ್ಣ, ಅವರ ಹಣೇಲಿ ಬರೆದಿತ್ತು, ಕೈಯಲ್ಲಿ ಕದ್ರು" ಎಂದೆ. ಅದೇ ತಿಂಗಳು ಅಣ್ಣ ತನ್ನ ಪೆಟ್ಟಿಗೆ ಹಾಸಿಗೆ ಸಮೇತ ನಮ್ಮ ಮನೆಗೆ ಬಂದ. ಗೊತ್ತಾಗಿದ್ದ ಮದುವೆಯನ್ನು ಬೇಡವೆಂದ. ಮಗಳನ್ನು ಶಾಲೆಗೆ ಬಿಟ್ಟವನು ಅವನು, ಜ್ವರ ಬಂದರೆ ಎದೆಗೆ ಒರಗಿಸಿಕೊಂಡು ಕೂತವನು ಅವನು. ಇಂಥ ಅಣ್ಣ ಯಾರಿಗುಂಟು ಎಂದು ನಾನು ನನ್ನ ಹತ್ತಿರ ಬಟ್ಟೆ ಹೊಲಿಸಲು ಬರುವ ಹೆಂಗಸರ ಮುಂದೆಲ್ಲ ಕೊಚ್ಚಿಕೊಂಡೆ.

ಮಗಳು ಮಾತ್ರ ಅಪ್ಪನ ಸುದ್ದಿ ಎತ್ತುತ್ತಿರಲಿಲ್ಲ. ಶಾಲೆಯಲ್ಲಿ ಯಾರೋ ಕಳ್ಳನ ಮಗಳು ಎಂದರಂತೆ, ಒಬ್ಬಳ ಜಡೆ ಹಿಡಿದು ಎಳೆದು ಬಂದಿದ್ದಳು. "ಅವರು ಅಂದದ್ದರಲ್ಲಿ ತಪ್ಪೇನು? ಮಾಡಿಟ್ಟು ಹೋಗಿದ್ದಾರಲ್ಲ ನಿಮ್ಮಪ್ಪ" ಎಂದೆ ನಾನು. ಅವಳು ನನ್ನನ್ನು ಒಂದು ಥರಾ ನೋಡಿದಳು. ಅವತ್ತಿಂದ ಹೋದ ವರ್ಷದವರೆಗೆ ಅವಳು ನನ್ನ ಜೊತೆ ಮಾತಾಡಿದ್ದೆಲ್ಲ ಊಟ, ಔಷಧಿ, ಬಟ್ಟೆಯ ವಿಷಯ. ಮದುವೆಯಾಗಿ ಹೊರಟ ದಿನ ನನ್ನ ಪೆಟ್ಟಿಗೆಯಲ್ಲಿದ್ದ ಅವಳ ಅಪ್ಪನ ಫೋಟೋ ಕಾಣೆಯಾಯಿತು. ಹರಿದು ಎಸೆದಿರಬೇಕು ಎಂದುಕೊಂಡು ಸುಮ್ಮನಾದೆ.

ಹನ್ನೆರಡನೆಯ ಮೇಜು ಹಾಗೇ ಉಳಿಯಿತು. ಅರ್ಧ ಮಿರಿಮಿರಿ, ಅರ್ಧ ಒಣ ಮರ. ಬೇರೆ ಪಾಲಿಷಿನವರನ್ನು ಕರೆಸುತ್ತೇವೆ ಎಂದರೆ ಅಣ್ಣ ಏನಾದರೊಂದು ನೆಪ ಹೇಳುತ್ತಿದ್ದನಂತೆ. ಅಲ್ಲಿ ನೆಲ ಒರೆಸುವ ಹೆಂಗಸು ನನ್ನ ಹತ್ತಿರ ರವಿಕೆ ಹೊಲಿಸಲು ಬರುತ್ತಿದ್ದಳು. ಒಂದು ದಿನ ಅಳತೆ ಕೊಡುತ್ತ ನಿಂತವಳು ದನಿ ತಗ್ಗಿಸಿ, "ನಿಮ್ಮಣ್ಣ ಹನ್ನೊಂದು ಗಂಟೆಗೆ ಯಾರ ಜೊತೇನೋ ಮಾತಾಡ್ತಾರೆ ಕಣಮ್ಮಾ" ಎಂದಳು.

"ಯಾರ ಜೊತೆ?"

"ಅದೇ ಗೊತ್ತಾಗ್ತಿಲ್ಲ. ಕಿಂಡೀಲಿ ಯಾರೂ ಇರಲ್ಲ. ಬರೀತಿದ್ದವರು ತಟ್ಟನೆ ತಲೆ ಎತ್ತುತ್ತಾರೆ. ‘ಬೇಡ. ಅದು ಬೇಡ. ಬೇರೆ ಕೊಡ್ತೀನಿ, ಒಂದು ನಿಮಿಷ ನಿಲ್ಲು’ ಅಂತಾರೆ. ಆಮೇಲೆ ಎದ್ದು ಬಂದು ಕಿಂಡಿಯಿಂದ ತಲೆ ಹೊರಗೆ ಹಾಕಿ ಆ ಕಡೆ ಈ ಕಡೆ ನೋಡ್ತಾರೆ."

"ಒಬ್ಬಂಟಿ ಮನುಷ್ಯ, ಬಾಟಲಿ ಜೊತೆ ಮಾತಾಡ್ತಾನೆ. ಕೈ ಸ್ವಲ್ಪ ಮೇಲೆತ್ತು" ಎಂದೆ. ಆದರೆ ಆಮೇಲೆ ಗಮನವಿಟ್ಟು ನೋಡಿದೆ. ರಜೆಯ ದಿನ ಮನೆಯಲ್ಲಿದ್ದರೂ ಹನ್ನೊಂದಾಗುತ್ತಿದ್ದಂತೆ ಅಣ್ಣ ಕೂತಲ್ಲಿ ಕೂರುತ್ತಿರಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದ. ನಾನು ಹೊಲಿಗೆ ಯಂತ್ರದ ಮೇಲೆ ಕತ್ತರಿ ಇಟ್ಟ ಸದ್ದಿಗೂ ಬೆಚ್ಚುತ್ತಿದ್ದ. ಕಾಲೇಜಿನಲ್ಲಿ ಕಿಂಡಿಯ ಮರದ ಹಲಗೆ ತೆಗೆಸಿ ತಂತಿಯ ಬಲೆ ಹಾಕಿಸಿದ, ಬಡಿಯಬೇಡಿ ಎಂದು ಗಂಟೆ ಇಡಿಸಿದ. ಮರವೇ ಇಲ್ಲದ ಮೇಲೂ ಅವನಿಗೆ ಆ ಟಕ್ ಟಕ್ ಕೇಳುತ್ತಿತ್ತಂತೆ.

ನನ್ನ ಪಾಡು ಬೇರೆ ಇತ್ತು. ಬಿಳಿ ಬಟ್ಟೆ ಹೊಲಿಯಲು ಬಂದರೆ ನನಗೆ ಕೈ ಆಡುತ್ತಿರಲಿಲ್ಲ. ‘ನೀನು ಎಲ್ಲಿದ್ದೀಯ’ ಎಂದು ಯಾರೋ ಎದುರಿಗೇ ನಿಂತು ಕೇಳಿದ ಹಾಗಾಗುತ್ತಿತ್ತು. ಕಳ್ಳನಾದರೂ ಗಂಡನಲ್ಲವೇ, ಕುಡಿದಿದ್ದರೂ ಒಂದು ಸಲ ಕೈ ಹಿಡಿದುಕೊಂಡು ಇಲ್ಲೇ ಇದ್ದೀನಿ ಎನ್ನಬಹುದಾಗಿತ್ತು. ಅನ್ನಲಿಲ್ಲ. ಅದನ್ನು ನೆನೆದಾಗಲೆಲ್ಲ ಅವರ ಮೇಲೇ ಸಿಟ್ಟು ತಿರುಗಿಸಿ ಉಳಿದುಕೊಂಡೆ.

ಹೋದ ವರ್ಷ ಅಣ್ಣನಿಗೆ ನಿವೃತ್ತಿ. ಕೊನೆಯ ತಿಂಗಳು ಹೊಸ ಸ್ಟೋರ್ ಕೀಪರಿಗೆ ಸಾಮಾನು ಒಪ್ಪಿಸಬೇಕಿತ್ತು. ಬಂದವಳು ಓದಿಕೊಂಡ ಹೆಣ್ಣುಮಗಳು, ಚುರುಕು. ಬೀರುಗಳನ್ನು ಎಳೆಸಿ ಗೋಡೆಯ ಹಿಂದೆಲ್ಲ ಗುಡಿಸಿಸಿದಳು. ಒಂದು ಹಳೆಯ ಬೀರುವಿನ ಹಿಂದೆ ತುಕ್ಕು ಹಿಡಿದ ಡಬ್ಬವೊಂದು ಸಿಕ್ಕಿತು. ಬಾಯಿಗೆ ಹಳೆಯ ವಿಚಾರಣೆಯವರ ಅರಗಿನ ಮುದ್ರೆ ಒತ್ತಿತ್ತು. ಆ ಕೋಣೆಯಲ್ಲಿ ಅಣ್ಣನ ಚೀಟಿ ಇಲ್ಲದ ಸಾಮಾನು ಅದೊಂದೇ. ಧೂಳೆಂದು ಅಣ್ಣ ಕಿಂಡಿಯ ಹೊರಗೆ ಬರೆಯುತ್ತ ಕೂತಿದ್ದನಂತೆ. ಅವಳು ಡಬ್ಬ ಹಿಡಿದು ಒಳಗಿನಿಂದ ಬಂದು ಕಿಂಡಿಯ ಚೌಕಟ್ಟನ್ನು ಎರಡು ಬೆರಳಿಂದ ಟಕ್ ಟಕ್ ಎಂದು ಬಡಿದಳು.

"ಸಾರ್, ಎಲ್ಲದಕ್ಕೂ ಚೀಟಿ ಇದೆ, ಇದಕ್ಕೊಂದಕ್ಕೆ ಇಲ್ಲ. ಕಾರ್ಬಿನಾಲ್ ಅಂತ ಅಚ್ಚಾಗಿದೆ. ಕಾರ್ಬಿನಾಲ್ ಅಂದ್ರೆ ಏನು ಸಾರ್?"

ಅಣ್ಣ ಪೆನ್ನು ಕೆಳಗಿಟ್ಟ. ಎದ್ದು ನಿಂತ. "ಮೀಥೈಲ್ ಆಲ್ಕೋಹಾಲಮ್ಮ. ಹಳೇ ಹೆಸರು. ವಿಷ. ಕಣ್ಣು ಹೋಗುತ್ತೆ, ಜೀವ ಹೋಗುತ್ತೆ" ಎಂದ. ಮತ್ತೆ ಅದನ್ನೇ ಹೇಳಿದ. ಮೂರನೆಯ ಸಲವೂ ಹೇಳಿದ. ಅವಳು ನಕ್ಕು, "ಒಂದು ಸಲ ಹೇಳಿದ್ರೆ ಸಾಕಲ್ವಾ ಸಾರ್" ಎಂದಳು.

ಅವನು ಚಪ್ಪಲಿ ಮೆಟ್ಟಿ ಮನೆಗೆ ಬಂದುಬಿಟ್ಟ.

ನಾನು ಶಾಲೆಯ ಸಮವಸ್ತ್ರಕ್ಕೆ ಕಾಲರ್ ಕೂರಿಸುತ್ತಿದ್ದೆ. ಇಪ್ಪತ್ಮೂರು ವರ್ಷದಲ್ಲಿ ಕೆಲಸದ ದಿನ ಅವನು ನಡುಮಧ್ಯಾಹ್ನ ಮನೆಗೆ ಬಂದದ್ದೇ ಇಲ್ಲ. "ಏನಣ್ಣಾ ಇಷ್ಟು ಬೇಗ? ಹುಷಾರಿಲ್ವಾ?" ಎಂದೆ. ಅವನು ಚಪ್ಪಲಿಯನ್ನೂ ಬಿಡದೆ ನನ್ನ ಎದುರಿನ ಸ್ಟೂಲಿನ ಮೇಲೆ ಕೂತ. ಡಬ್ಬ ಸಿಕ್ಕಿದ್ದು, ಆ ಹುಡುಗಿ ಕೇಳಿದ್ದು ಎಲ್ಲ ಹೇಳಿದ.

"ಅದಕ್ಕೇನೀಗ?" ಎಂದೆ.

"ಅವನೂ ಹೀಗೇ ಕೇಳಿದ್ದ" ಎಂದ ಅಣ್ಣ. "ನಿನ್ನ ಗಂಡ. ಕಿಂಡಿ ಬಡಿದು ಸ್ಪಿರಿಟ್ ಮುಗೀತು ಭಾವ ಅಂದ. ಹೊಸದು ಬರೋದು ಸೋಮವಾರ ಅಂದೆ. ಮೇಲಿನ ಹಲಗೇಲಿದ್ದ ಡಬ್ಬ ತೋರಿಸಿ ಅದೇನು ಅಂದ. ಕಾರ್ಬಿನಾಲ್ ಅಂದೆ. ‘ಕಾರ್ಬಿನಾಲ್ ಅಂದ್ರೆ ಏನು, ಭಾವ?’ ಅಂದ. ನಾನು ಬರೀತಾ ಇದ್ದೆ. ತಲೆ ಎತ್ತಲಿಲ್ಲ ಕಣೇ. ‘ಆಲ್ಕೋಹಾಲೇ ಕಣಯ್ಯ’ ಅಂದೆ. ಡಬ್ಬ ಇಳಿಸಿ ನನ್ನ ಕೈಯಾರೆ ಬಗ್ಗಿಸಿ ಕೊಟ್ಟೆ."

ಯಂತ್ರದ ಚಕ್ರದ ಮೇಲೆ ನನ್ನ ಕೈ ಹಾಗೇ ನಿಂತಿತು.

ಅವನು ಹೇಳುತ್ತಾ ಹೋದ. ಅವನ ತಪ್ಪು ಎಂಥದೆಂದು ನನಗೆ ಅರ್ಥವಾಗಲು ಎರಡು ಸಲ ಕೇಳಬೇಕಾಯಿತು. ಗೋಡೆಯ ಪಟ್ಟಿಯಲ್ಲಿ ‘ಮೀಥೈಲ್ ಕಾರ್ಬಿನಾಲ್ ಎಂದರೆ ಈಥೈಲ್ ಆಲ್ಕೋಹಾಲ್’ ಎಂದಿತ್ತಂತೆ. ಅದು ಸರಿಯೇ. ಹಾಗಾದರೆ ಕಾರ್ಬಿನಾಲ್ ಎಂದರೆ ಆಲ್ಕೋಹಾಲಿನ ಇನ್ನೊಂದು ಹೆಸರು, ಮೀಥೈಲ್ ಎಂದು ಬರೆದಿಲ್ಲವಾದ್ದರಿಂದ ವಿಷವಲ್ಲ ಎಂದು ಇವನು ಲೆಕ್ಕ ಹಾಕಿದ್ದ. ಆದರೆ ಆ ಹೆಸರಿನ ನಡೆ ಉಲ್ಟಾ. ಆಲ್ಕೋಹಾಲಿಗೆ ಮೀಥೈಲ್ ಸೇರಿದರೆ ವಿಷ. ಕಾರ್ಬಿನಾಲಿಗೆ ಮೀಥೈಲ್ ಸೇರಿದರೆ ಜನ ಕುಡಿಯುವುದು, ಸೇರದೆ ಬರೀ ಕಾರ್ಬಿನಾಲ್ ಎಂದಿದ್ದರೆ ಅದೇ ವಿಷ. ಏನೂ ಗೊತ್ತಿಲ್ಲದವನಾಗಿದ್ದರೆ, ನನಗೆ ಗೊತ್ತಿಲ್ಲಪ್ಪ, ಮೇಷ್ಟ್ರನ್ನ ಕೇಳು ಎನ್ನುತ್ತಿದ್ದ. ಇವನಿಗೆ ಅರ್ಧ ಗೊತ್ತಿತ್ತು.

"ಗೊತ್ತಿಲ್ಲದೆ ಆಗಿದ್ದು ಆಯ್ತು. ಕದ್ದ ಅಂತ ಯಾಕೆ ಸಹಿ ಹಾಕ್ದೆ?" ಎಂದೆ.

"ಕೆಲಸ ಹೋಗುತ್ತೆ ಅಂದ್ರು. ಜೈಲು ಅಂದ್ರು. ಸತ್ತೋನಿಗೆ ಇನ್ನೇನಾಗಬೇಕು ಅಂದ್ರು. ನಾನು ಹೋದ್ರೆ ನಿಮ್ಮಿಬ್ಬರನ್ನ ನೋಡೋರು ಯಾರು ಅಂತ..."

"ನಮ್ಮ ಹೆಸರು ಹೇಳಬೇಡ!" ಎಂದು ಕೂಗಿದೆ. ಕೈಗೆ ಸಿಕ್ಕ ಕಾಲರನ್ನು ಅವನ ಮುಖದ ಮೇಲೆ ಎಸೆದೆ. "ನಮ್ಮನ್ನ ನೋಡಿಕೊಂಡ್ಯಾ ನೀನು? ಇಪ್ಪತ್ಮೂರು ವರ್ಷ ನನ್ನ ಗಂಡನ್ನ ನನ್ನ ಬಾಯಿಂದಲೇ ಕಳ್ಳ ಅನ್ನಿಸಿದೆ. ನಾನು ಇಂಥ ಅಣ್ಣ ಇಲ್ಲ ಅಂತ ಊರಿಗೆಲ್ಲ ಸಾರಿಕೊಂಡು ಬಂದೆ. ಕೂತು ಕೇಳ್ತಾ ಇದ್ಯಲ್ಲೋ ಪಾಪಿ!"

ಅವನು ಕಾಲರನ್ನು ತೊಡೆಯ ಮೇಲಿಟ್ಟುಕೊಂಡು ಮಡಿಕೆ ಬಿಡಿಸಿದ. "ಇನ್ನೂ ಒಂದಿದೆ" ಎಂದ. "ಅದನ್ನ ಹೇಳದಿದ್ರೆ ಇದೂ ಸುಳ್ಳೇ. ಬಗ್ಗಿಸಿ ಕೊಟ್ಟ ಮೇಲೆ ಇದರಲ್ಲಿ ಅರಗು ಕರಗುತ್ತಾ ಅಂತ ಕೇಳಿದ. ದಿನಾ ಆಡೋ ಹಾಗೆ ಆಡಿಬಿಟ್ಟೆ. ‘ಕರಗುತ್ತೆ ಹೋಗಯ್ಯ. ಮರಕ್ಕೆ ಕುಡಿಸಿ ಉಳಿದ್ರೆ ನೀನೇ ಕುಡಿ, ಏನಾಗಲ್ಲ’ ಅಂದೆ."

ಏನಾಗಲ್ಲ ಅಂ.

ಏನಾಗಲ್ಲ ಅಂದ್ರು. ಭಾವ ಏನಾಗಲ್ಲ ಅಂದ್ರು. ಅವರು ನನಗೆ ಸಮಾಧಾನ ಹೇಳಿರಲಿಲ್ಲ. ನಡೆದದ್ದನ್ನು ಹೇಳಲು ಹೊರಟಿದ್ದರು. ಇನ್ನೊಂದು ಮಾತು ಬಾಕಿ ಇತ್ತು, ನಾನು ಬೈದು ಅದನ್ನು ಬಾಯೊಳಗೇ ಉಳಿಸಿದೆ. ಸುಮ್ಮನಿದ್ದು ಕೇಳಿದ್ದರೆ ಅಣ್ಣನ ಹತ್ತಿರ ಓಡುತ್ತಿದ್ದೆ, ಡಬ್ಬದ ಹೆಸರು ಮೂರು ಗಂಟೆ ಮೊದಲೇ ಡಾಕ್ಟರ ಕೈಗೆ ಸಿಗುತ್ತಿತ್ತು. ನಾನು ಹೊಟ್ಟೆ ಹಿಡಿದುಕೊಂಡು ಅತ್ತೆ. ಗಂಡ ಸತ್ತಾಗ ಹಾಗೆ ಅತ್ತಿರಲಿಲ್ಲ, ಆಗ ಸಿಟ್ಟು ಅಡ್ಡ ನಿಂತಿತ್ತು. ಅಣ್ಣ ಕೂತಲ್ಲೇ ಕೂತಿದ್ದ. ಅವನನ್ನು ಹೊರಗೆ ದಬ್ಬಬೇಕೆನಿಸಿತು, ಎಲ್ಲಿಗೆ ದಬ್ಬಲಿ ಎಂದೂ ಅನಿಸಿತು.

ಮಾರನೆಯ ದಿನ ಬೆಳಿಗ್ಗೆ ಅವನ ಮುಂದೆ ಕಾಫಿ ಇಟ್ಟು, "ನನಗೆ ಹೇಳಿದ್ದು ಸಾಲದು. ಅವಳಿಗೆ ಹೇಳು" ಎಂದೆ.

ಅವನು ಜೇಬಿನಿಂದ ಮಡಚಿದ ಚೀಟಿಯೊಂದನ್ನು ತೆಗೆದ. ದುಂಡಗಿನ ಅಕ್ಷರದಲ್ಲಿ ಎಲ್ಲವನ್ನೂ ಬರೆದಿದ್ದ. "ಇದನ್ನ ಕೊಟ್ಟುಬಿಡ್ತೀನಿ."

"ಚೀಟಿ ಬೇಡ" ಎಂದು ಕಿತ್ತುಕೊಂಡೆ. "ಬಾಯಲ್ಲಿ ಆಗಿದ್ದು ಬಾಯಲ್ಲೇ ಹೇಳು."

ಮಗಳು ಬಸ್ ನಿಲ್ದಾಣದಲ್ಲಿ ದೂರದ ಊರುಗಳಿಗೆ ಟಿಕೆಟ್ ಕೊಡುವ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ಮನೆಗೆ ಹೋಗುವವರೆಗೆ ಕಾದರೆ ಅಣ್ಣನ ಧೈರ್ಯ ಇಂಗಿಹೋಗುತ್ತದೆ ಎಂದು ನಾನು ಅಲ್ಲಿಗೇ ಕರೆದುಕೊಂಡು ಹೋದೆ. ನಾವು ಮುಟ್ಟುವ ಹೊತ್ತಿಗೆ ಹನ್ನೊಂದಕ್ಕೆ ಐದು ನಿಮಿಷ ಇತ್ತು. ಗಾಜಿನ ಗೋಡೆ, ಅದರಲ್ಲಿ ಕೈ ತೂರುವಷ್ಟು ಕಿಂಡಿ, ಮುಂದೆ ಏಳೆಂಟು ಜನರ ಸಾಲು. ಅಣ್ಣ ಸಾಲಿನಲ್ಲಿಯೇ ನಿಂತ. ಅವನ ಸರದಿ ಬಂದಾಗ ಮಗಳು ತಲೆ ಬಗ್ಗಿಸಿ ಏನೋ ಬರೆಯುತ್ತಿದ್ದಳು. ಅಣ್ಣ ಕೈ ಎತ್ತಿದ, ತಡೆದ, ಆಮೇಲೆ ಗಾಜನ್ನು ಎರಡು ಬೆರಳಿಂದ ಬಡಿದ.

ಅವಳು ತಲೆ ಎತ್ತಿದಳು. ಬರೆಯುವುದನ್ನು ಬಿಟ್ಟು ಪೂರ್ತಿ ತಲೆ ಎತ್ತಿ ನೋಡಿದಳು. "ಮಾಮ? ಇಲ್ಯಾಕೆ ಬಂದೆ? ಏನಾಯ್ತು?"

"ನಿಮ್ಮಪ್ಪ ಕದೀಲಿಲ್ಲ ಪುಟ್ಟಿ" ಎಂದ ಅಣ್ಣ. "ಕೇಳಿದ. ಕಾರ್ಬಿನಾಲ್ ಅಂದ್ರೆ ಏನು ಅಂತ ನನ್ನನ್ನ ಕೇಳಿದ. ನಾನು ಆಲ್ಕೋಹಾಲೇ ಅಂದೆ. ಕುಡಿದ್ರೆ ಏನಾಗಲ್ಲ ಅಂದೆ. ನಾನೇ ಕೊಟ್ಟೆ. ಆಮೇಲೆ ಕದ್ದ ಅಂತ ಸಹಿ ಹಾಕಿದೆ."

ಹಿಂದಿನ ಮನುಷ್ಯ ಗಂಟಲು ಸರಿಮಾಡಿಕೊಂಡ. ನಾನು ಪಕ್ಕದಲ್ಲಿ ಕಂಬಕ್ಕೆ ಆತು ನಿಂತಿದ್ದೆ. ಮಗಳು ಅಳುತ್ತಾಳೆ, ಇಲ್ಲವೇ ಮಾಮನ ಮೇಲೆ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಗಾಜಿನ ಕಿಂಡಿಯಿಂದ ಕೈ ಹೊರಗೆ ಚಾಚಿ ಅವನ ಕೈಯನ್ನು ಒಂದು ಸಲ ಮುಟ್ಟಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಮ್ಮ, ಅವತ್ತು ಅಪ್ಪ ನಿಂಗೆ ಹೇಳಿದ್ರಲ್ಲ. ಕದ್ದಿಲ್ಲ ಕಣೇ, ಕೇಳೇ ತಗೊಂಡೆ ಅಂತ. ನಾನು ಬಾಗಿಲ ಹತ್ರ ನಿಂತಿದ್ದೆ."

ನಾನು ಕಂಬ ಬಿಟ್ಟು ಗಾಜಿನ ಹತ್ತಿರ ಹೋದೆ.

"ನಾನು ಅವತ್ತೇ ನಂಬಿದ್ದೆ" ಎಂದಳು. "ಫೋಟೋ ನನ್ನ ಹತ್ರ ಇದೆ. ಬೇಕಾದ್ರೆ ಸಂಜೆ ಮನೆಗೆ ಬಂದು ನೋಡು."

ಹಿಂದಿನವನು ಕಿಂಡಿಯೊಳಗೆ ಕೈ ತೂರಿಸಿದ. ಮಗಳು ಕಣ್ಣೊರೆಸಿಕೊಂಡು ಅವನಿಗೆ ಎಲ್ಲಿಗೆ ಹೋಗಬೇಕು ಎಂದು ಕೇಳಿದಳು. ನಾನು ಅಣ್ಣನ ತೋಳು ಹಿಡಿದು ಸಾಲಿನಿಂದ ಈಚೆಗೆ ಕರೆದುಕೊಂಡು ಬಂದೆ.